ಕಾರಿನಲ್ಲಿ ಕೇಳೋಕೆ ಎಂಥ ಆಡಿಯೋ ಪುಸ್ತಕ?

ವಾರಕ್ಕೊಮ್ಮೆ ಬೆಂಗಳೂರು–ಹಾಸನ ಡ್ರೈವ್, ಕಾದಂಬರಿ ಹಾಕಿದರೆ ಅರ್ಧದಲ್ಲೇ ಗಮನ ತಪ್ಪುತ್ತದೆ, ಏನು ಕೇಳಲಿ ಅಂದಿದ್ದೀರಿ. ತಪ್ಪು ನಿಮ್ಮದೇ ಅಲ್ಲ, ಪುಸ್ತಕಕ್ಕೆ ದನಿ ಕೊಟ್ಟು ಓದುವವರದ್ದೂ ಇರಬಹುದು!

ನಾನಾದರೆ ಆತ್ಮಕಥೆಯಿಂದ ಶುರು ಮಾಡುತ್ತೇನೆ, ಅದೂ ಬರೆದವರೇ ಓದಿದ್ದರೆ. 2020ರಲ್ಲಿ ಬಂದ ಒಬಾಮಾ ಪುಸ್ತಕ ‘ಎ ಪ್ರಾಮಿಸ್ಡ್ ಲ್ಯಾಂಡ್’ ಅನ್ನು ಅವರೇ ಓದಿದ್ದಾರೆ, ಸುಮಾರು 29 ಗಂಟೆ. ನಡುವೆ ಹತ್ತು ನಿಮಿಷ ಟ್ರಾಫಿಕ್ ಕಡೆ ನೋಡಿದರೂ ಎಳೆ ಕಳೆದುಹೋಗಲ್ಲ. ಪತ್ತೇದಾರಿಯಲ್ಲಿ ಹಾಗಲ್ಲ, ಒಂದು ಸುಳಿವು ತಪ್ಪಿದರೆ ಮುಗೀತು. ಅದನ್ನು ಮನೆಯಲ್ಲಿ ಪಾತ್ರೆ ತೊಳೆಯುವಾಗ ಕೇಳಿ.

ದನಿ ಎಷ್ಟು ಮುಖ್ಯ ಅಂತ ತಿಳಿಯೋಕೆ ಹ್ಯಾರಿ ಪಾಟರ್ ಸಾಕು. ಬ್ರಿಟನ್ ಆವೃತ್ತಿಗೆ ಸ್ಟೀಫನ್ ಫ್ರೈ, ಅಮೆರಿಕದ್ದಕ್ಕೆ ಜಿಮ್ ಡೇಲ್. ಡೇಲ್ ಪ್ರತಿ ಪಾತ್ರಕ್ಕೂ ಬೇರೆ ಗಂಟಲು ತರುತ್ತಾರೆ. ನನಗೆ ಫ್ರೈ ಇಷ್ಟ, ಅಜ್ಜ ಜಗಲಿಯಲ್ಲಿ ಕೂತು ಹೇಳಿದ ಹಾಗಿರುತ್ತದೆ.

ಕನ್ನಡದಲ್ಲಿ ನನ್ನ ತಕರಾರು ಒಂದೇ. ಮಲೆನಾಡಿನ ಮಾತುಕತೆಯನ್ನು ವಾರ್ತೆ ಓದಿದ ಹಾಗೆ ಓದಬಾರದು. ಧಾರವಾಡದ ‘ಹೌದೇನ್ರೀ’ ಬಾಯಿಗೆ ಬರದಿದ್ದರೆ ನಾಟಕೀಯ ಮಾಡೋದಕ್ಕಿಂತ ಸುಮ್ನೆ ಸರಳವಾಗಿ ಓದಲಿ. ಹಿನ್ನೆಲೆಯ ಕೊಳಲಂತೂ ಬೇಡವೇ ಬೇಡ. ಗಮಕ ವಾಚನ ಕೇಳಿ ಬೆಳೆದವರು ನಾವು, ಬರೀ ದನಿಯೇ ಸಾಕಾಗುತ್ತಿತ್ತು ಅಲ್ವಾ?

ಕೊಳ್ಳುವ ಮುಂಚೆ ಸ್ಯಾಂಪಲ್‌ನಲ್ಲಿ ಸಂಭಾಷಣೆ ಇರುವ ಭಾಗ ಕೇಳಿ. ನಿಧಾನ ಅನ್ನಿಸಿದರೆ ವೇಗ 1.25ಕ್ಕೆ ಇಡಿ. ಕವಿತೆಗೆ ಮಾತ್ರ ಆ ಬಟನ್ ಮುಟ್ಟಬೇಡಿ.