ಹೈಸ್ಕೂಲು ಮಕ್ಕಳ ಆಕ್ರಮಣಶೀಲತೆಯನ್ನು ಅಳೆಯಲು ಒಂದು ಪ್ರಶ್ನಾವಳಿ ಸಾಕೇ?

ಕುಂಬಳೆ ಪರಿಸರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳ ಆಕ್ರಮಣಶೀಲತೆಯನ್ನು ಅಳೆಯಲು ಮನೋವಿಜ್ಞಾನಿಗಳಾದ ಆರ್ನಾಲ್ಡ್ ಬಸ್ ಮತ್ತು ಮಾರ್ಕ್ ಪೆರಿಯವರ ಪ್ರಶ್ನಾವಳಿಯೊಂದೇ ಸಾಕೇ ಎಂದು ನಿಮ್ಮ ಎಂ.ಎಡ್. ಪ್ರಬಂಧಕ್ಕಾಗಿ ಕೇಳಿದ್ದೀರಿ. ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಕೌನ್ಸೆಲರ್ ಆಗಿರುವ ನನ್ನ ಅಭಿಪ್ರಾಯದಲ್ಲಿ ಅದೊಂದೇ ಸಾಲದು.

1992ರಲ್ಲಿ ಪ್ರಕಟವಾದ ಆ ಪ್ರಶ್ನಾವಳಿಯ 29 ಹೇಳಿಕೆಗಳು ದೈಹಿಕ ಆಕ್ರಮಣ, ಮಾತಿನ ಆಕ್ರಮಣ, ಸಿಟ್ಟು, ಹಗೆತನ ಎಂಬ ನಾಲ್ಕು ಭಾಗಗಳಲ್ಲಿವೆ. ಇವುಗಳಲ್ಲಿ ಸಿಟ್ಟು ಒಂದು ಭಾವ, ಹಗೆತನ ಒಂದು ಯೋಚನಾಕ್ರಮ. ವರ್ತನೆ ಎನ್ನಬಹುದಾದವು ಮೊದಲ ಎರಡು ಮಾತ್ರ. ನಾಲ್ಕನ್ನೂ ಕೂಡಿಸಿ ಒಟ್ಟು ಅಂಕವನ್ನಷ್ಟೇ ಕೊಟ್ಟರೆ, ಒಳಗೊಳಗೇ ಕುದಿಯುತ್ತ ಯಾರ ಮೇಲೂ ಕೈಯೆತ್ತದ ಹುಡುಗನೂ ದಿನವೂ ಹೊಡೆದಾಡುವ ಹುಡುಗನೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ. ಅವರಿಬ್ಬರಿಗೂ ಬೇಕಾದ ನೆರವು ಮಾತ್ರ ಬೇರೆ ಬೇರೆ.

ಮಗು ಕೆಣಕಿದ್ದಕ್ಕೆ ಹೊಡೆಯುತ್ತದೆಯೋ, ಏನನ್ನೋ ಪಡೆಯಲು ಯೋಚಿಸಿ ಹೊಡೆಯುತ್ತದೆಯೋ ಎಂಬುದನ್ನು ಬಸ್-ಪೆರಿ ಪ್ರಶ್ನಾವಳಿ ಬೇರ್ಪಡಿಸುವುದಿಲ್ಲ. ಅದಕ್ಕೆ ಮನೋವಿಜ್ಞಾನಿ ಆಡ್ರಿಯನ್ ರೇನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ 23 ಹೇಳಿಕೆಗಳ ಪ್ರಶ್ನಾವಳಿಯಿದೆ: 11 ಮೊದಲ ಬಗೆಗೆ, 12 ಎರಡನೆಯದಕ್ಕೆ. ಈ ಎರಡು ಅಂಕಗಳೂ ಹೆಚ್ಚಾಗಿ ಒಟ್ಟೊಟ್ಟಿಗೇ ಏರುವುದರಿಂದ, ವಿಶ್ಲೇಷಣೆಯಲ್ಲಿ ಒಂದರ ಪ್ರಭಾವವನ್ನು ಕಳೆದು ಇನ್ನೊಂದನ್ನು ನೋಡಬೇಕು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಬಗೆ, ಅಂದರೆ ಗೆಳೆತನವನ್ನೇ ಆಯುಧವಾಗಿಸಿ ನೋಯಿಸುವುದು. ಗೆಳತಿಯರ ಗುಂಪಿನಿಂದ ಒಬ್ಬಳನ್ನು ಹೊರಗಿಡುವುದು, ಬೆನ್ನ ಹಿಂದೆ ಇಲ್ಲದ ಸುದ್ದಿ ಹಬ್ಬಿಸುವುದು, ‘ಅವಳೊಡನೆ ಮಾತಾಡಿದರೆ ನನ್ನೊಟ್ಟಿಗೆ ಬರಬೇಡ’ ಎನ್ನುವುದು ಅಧ್ಯಾಪಕರ ಕಣ್ಣಿಗೆ ಬೀಳುವುದು ಕಡಿಮೆ. ಮಾಡಿದವರು ತಾವಾಗಿ ಬರೆದು ಒಪ್ಪಿಕೊಳ್ಳುವುದು ಇನ್ನೂ ಕಡಿಮೆ. ಸಂಶೋಧಕರಾದ ಕ್ರಿಕ್ ಮತ್ತು ಗ್ರೋಟ್‌ಪೀಟರ್ 1995ರ ಅಧ್ಯಯನದಲ್ಲಿ ಇಂತಹ ವರ್ತನೆ ಯಾರದೆಂದು ಸಹಪಾಠಿಗಳನ್ನೇ ಕೇಳಿದರು. ನೀವು ಹಾಗೆ ಕೇಳುವುದಾದರೆ ಪೋಷಕರ ಅನುಮತಿಯ ಜೊತೆಗೆ ಮಕ್ಕಳ ಒಪ್ಪಿಗೆಯನ್ನೂ ಪಡೆಯಿರಿ, ಹೆಸರುಗಳ ಬದಲು ಸಂಖ್ಯೆಗಳನ್ನು ಬಳಸಿ. ಮಧ್ಯಾಹ್ನದ ಬಿಡುವಿಗೆ ಸ್ವಲ್ಪ ಮೊದಲು ಖಂಡಿತ ಬೇಡ, ಏಕೆಂದರೆ ಯಾರು ಯಾರ ಹೆಸರು ಕೊಟ್ಟರೆಂಬ ಮಾತು ಊಟದ ಹೊತ್ತಿಗೇ ಜಗಳವಾಗಬಹುದು.

ನಮ್ಮ ಮಕ್ಕಳಲ್ಲಿ ಹಲವರು ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಅಥವಾ ಕೊಂಕಣಿ ಮಾತಾಡುವವರು. ಆದ್ದರಿಂದ ಮೊದಲು ಒಂದು ಸಣ್ಣ ಗುಂಪಿಗೆ ಹೇಳಿಕೆಗಳನ್ನು ಓದಿ, ಅರ್ಥವಾದದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿರಿ. ವಿಶ್ವಾಸಾರ್ಹತೆಯನ್ನು, ಅಂದರೆ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು, ಪ್ರಶ್ನಾವಳಿಯ ಪ್ರತಿ ಭಾಗಕ್ಕೂ ಬೇರೆಯಾಗಿಯೇ ಲೆಕ್ಕ ಹಾಕಿ. ಜೂನ್‌ನಲ್ಲಿ ಬೇರೆ ಶಾಲೆಗಳಿಂದ ಎಂಟನೆಯ ತರಗತಿಗೆ ಸೇರಿದ ಮಕ್ಕಳಿಗೆ ಪರಸ್ಪರ ಪರಿಚಯ ಸಾಲದಿರುವುದರಿಂದ, ಸಹಪಾಠಿಗಳನ್ನು ಕೇಳುವ ಭಾಗವನ್ನು ಓಣಂ ರಜೆ ಕಳೆದ ಮೇಲೆ ಇಟ್ಟುಕೊಳ್ಳಿ.