ಪ್ರತಿಕ್ರಿಯೆ: ತೀರ್ಪಿನ ದಿನದ ಭಯ ಅವಿಶ್ವಾಸದ ಗುರುತೇ?

ಸಕಲೇಶಪುರದ ಸಹೋದರರೇ, ತಾಯಿಯವರ ಅಂತ್ಯಕ್ರಿಯೆಯಾದಾಗಿನಿಂದ ದೇವರು ಎಲ್ಲರಿಗೂ ತೀರ್ಪು ಕೊಡುವ ನ್ಯಾಯತೀರ್ಪಿನ ದಿನವನ್ನು ನೆನೆದು ನಿದ್ದೆ ಬರುತ್ತಿಲ್ಲ, ಇದು ವಿಶ್ವಾಸವಿಲ್ಲದ ಗುರುತೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಬೈಬಲಿನಲ್ಲಿರುವ ಯೋಹಾನನ ಮೊದಲನೆಯ ಪತ್ರಿಕೆಯ 4ನೇ ಅಧ್ಯಾಯದ 17ನೇ ವಚನವು ಆ ದಿನದ ಧೈರ್ಯಕ್ಕೆ ನಮ್ಮಲ್ಲಿ ಪೂರ್ಣಗೊಳ್ಳುವ ಪ್ರೀತಿಯನ್ನೇ ಆಧಾರವಾಗಿಡುತ್ತದೆ. ಆ ಪ್ರೀತಿಯಾದರೂ ದೇವರು ನಮ್ಮನ್ನು ಮೊದಲು ಪ್ರೀತಿಸಿದ್ದರಿಂದ ಹುಟ್ಟಿದ್ದೆಂದು 19ನೇ ವಚನ ತಿಳಿಸುತ್ತದೆ. ಪ್ರೀತಿಯು ಹೆದರಿಕೆಯನ್ನು ಹೊರಡಿಸುತ್ತದೆಂಬ 18ನೇ ವಚನವೊಂದನ್ನೇ ಹಿಡಿದು, ಹೆದರಿದವರನ್ನು ಇನ್ನಷ್ಟು ಗದರಿಸುವ ಬೋಧನೆ (ನಮ್ಮಲ್ಲಿ ಅದಕ್ಕೇನೂ ಕೊರತೆಯಿಲ್ಲ) ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಹೃದಯವೇ ನಮ್ಮನ್ನು ದೋಷಿಗಳೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಅದೇ ಪತ್ರಿಕೆಯ 3:20 ಹೇಳುತ್ತದೆ. ಮೂಡಿಗೆರೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಈ ಮಾತನ್ನೇ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದರು. ನೀವೂ 3ನೇ ಅಧ್ಯಾಯದಿಂದಲೇ ಓದಲು ಶುರುಮಾಡಿ, ನಂತರ 4ಕ್ಕೆ ಬನ್ನಿ.