ಓದುಗರ ಪ್ರಶ್ನೆ: ಬಿಡದಿಯ ಟೊಯೊಟಾ ಯಾರಿಗಾಗಿ ಏನನ್ನು ತಯಾರಿಸುತ್ತದೆ?

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು ಉತ್ತರಿಸಲಾಗಿದೆ.

ಪ್ರಶ್ನೆ: ಗ್ಲಾಂಜಾ ಮತ್ತು ಮಾರುತಿಯ ಬಲೆನೊ ಒಂದೇ ಕಾರು ಎನ್ನುತ್ತಾರೆ. ಸ್ವಂತ ಕಾರ್ಖಾನೆ ಇರುವ ಟೊಯೊಟಾ ಬೇರೆಯವರ ಕಾರಿಗೆ ತನ್ನ ಹೆಸರು ಹಾಕಿ ಮಾರುವುದೇಕೆ? (ತುಮಕೂರಿನ ಓದುಗರು)

ಉತ್ತರ: ಇದಕ್ಕೆ ಉತ್ತರ ಬೇಕಾದರೆ ಇಟಿಯೋಸ್‌ನ ಕಥೆಗೆ ಹೋಗಬೇಕು. 2010ರ ಡಿಸೆಂಬರ್‌ನಲ್ಲಿ ಟೊಯೊಟಾ ಬಿಡದಿಯಲ್ಲಿ ಎರಡನೇ ಕಾರ್ಖಾನೆಯನ್ನು ಆರಂಭಿಸಿ, ಭಾರತಕ್ಕೆಂದೇ ರೂಪಿಸಿದ ಈ ಕಾರನ್ನು ಐದು ಲಕ್ಷ ರೂಪಾಯಿಗಿಂತ ಸ್ವಲ್ಪ ಕಡಿಮೆ ಆರಂಭಿಕ ಬೆಲೆಗೆ ಬಿಡುಗಡೆ ಮಾಡಿತು. ಎಂಜಿನ್ ಗಟ್ಟಿ, ಒಳಗೆ ಜಾಗ ಧಾರಾಳ. ಆದರೆ ಅದೇ ವರ್ಷದ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ತೆರವಾಗಿ ಜನ ಡೀಸೆಲ್ ಕಾರುಗಳತ್ತ ಮುಖ ಮಾಡಿದ್ದಾಗ ಇಟಿಯೋಸ್ ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ ಬಂತು. ಡೀಸೆಲ್ ಬರುವುದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಸ್ಪೀಡೋಮೀಟರನ್ನು ಚಾಲಕನ ಎದುರಿಗೆ ಇಡದೆ ಡ್ಯಾಶ್‌ಬೋರ್ಡಿನ ನಡುವೆ ಇಟ್ಟಿದ್ದರು. ಎಡಗಡೆ ಸ್ಟೀರಿಂಗ್ ಇರುವ ಬ್ರೆಜಿಲ್‌ನಲ್ಲೂ ಇದೇ ಮಾದರಿಯನ್ನು ತಯಾರಿಸಲಿದ್ದ ಕಂಪನಿಗೆ ಈ ಏರ್ಪಾಡು ಅನುಕೂಲಕರವೇ ಆಗಿದ್ದಿರಬಹುದು, ಆದರೆ ಮನೆಗೆ ಮೊದಲ ಕಾರು ತರುವ ಕುಟುಂಬಕ್ಕೆ ಅದು ರುಚಿಸಲಿಲ್ಲ. ಇಟಿಯೋಸನ್ನು ಮೆಚ್ಚಿ ಕೊಂಡವರಲ್ಲಿ ಟ್ಯಾಕ್ಸಿ ಮಾಲೀಕರೇ ಹೆಚ್ಚು. 2020ರಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಇದರ ಪರಿಣಾಮವಾಗಿ, ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಬಲ್ಲ ಬಿಡದಿಯಲ್ಲಿ ಮಾರಾಟ ಬಹುಕಾಲ ಒಂದೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು. ಅರ್ಧ ಖಾಲಿ ಕಾರ್ಖಾನೆಯನ್ನು ನಡೆಸುವುದು ಎಂಥ ದೊಡ್ಡ ಕಂಪನಿಗೂ ಹೊರೆಯೇ. ಸಣ್ಣ ಕಾರನ್ನು ಅಗ್ಗವಾಗಿ ತಯಾರಿಸಲು ಬೇಕಾದ ಬಿಡಿಭಾಗ ಪೂರೈಕೆದಾರರ ಜಾಲವನ್ನು ಮಾರುತಿ ದಶಕಗಳಿಂದ ಕಟ್ಟಿಕೊಂಡಿತ್ತು. ಅದನ್ನು ಹೊಸದಾಗಿ ಕಟ್ಟುವ ಬದಲು ಹಂಚಿಕೊಳ್ಳುವುದೇ ಲೇಸೆಂದು ಟೊಯೊಟಾ ತೀರ್ಮಾನಿಸಿತು. 2017ರ ಫೆಬ್ರವರಿಯಲ್ಲಿ ಸುಜುಕಿಯೊಂದಿಗೆ ಒಡಂಬಡಿಕೆಯಾಯಿತು, 2019ರಲ್ಲಿ ಗ್ಲಾಂಜಾ ಬಂತು.

ಆದರೆ ಈ ವ್ಯವಹಾರವನ್ನು ಹೆಸರಿನ ಅದಲುಬದಲು ಎಂದಷ್ಟೇ ನೋಡಿದರೆ ಅದರ ಅರ್ಧಭಾಗ ಕಾಣುವುದಿಲ್ಲ. ಗ್ಲಾಂಜಾ ಸುಜುಕಿಯ ಕಡೆಯಿಂದ ಬಂದರೆ, 2022ರಲ್ಲಿ ಟೊಯೊಟಾದ ಹೈರೈಡರ್ ಜೊತೆಗೆ ಮಾರುತಿಯ ಗ್ರ್ಯಾಂಡ್ ವಿಟಾರಾವನ್ನೂ ತಯಾರಿಸತೊಡಗಿದ್ದು ಬಿಡದಿಯೇ. ಮಾರುತಿ ಮಾರುವ ಇನ್ವಿಕ್ಟೊ ನಮ್ಮ ಇನ್ನೋವಾ ಹೈಕ್ರಾಸ್‌ನ ಇನ್ನೊಂದು ರೂಪ. ಅಂದರೆ ಸಣ್ಣ ಕಾರು ಸುಜುಕಿಯದು, ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರನ್ನೂ ಬಳಸುವ ಹೈಬ್ರಿಡ್ ತಂತ್ರಜ್ಞಾನ ಟೊಯೊಟಾದ್ದು, ಎರಡೂ ಕಡೆಯ ಕಾರ್ಖಾನೆಗಳಿಗೆ ಕೈತುಂಬ ಕೆಲಸ. 2024ರಲ್ಲಿ ಟೊಯೊಟಾದ ಮಾರಾಟ ಇಲ್ಲಿ ಮೂರು ಲಕ್ಷವನ್ನು ದಾಟಿದ್ದಕ್ಕೆ ಈ ಹೊಂದಾಣಿಕೆ ದೊಡ್ಡ ಕಾರಣ. ಕೊಳ್ಳುವವರಿಗೆ ಒಂದು ಮಾತು: ಈ ಜೋಡಿ ಕಾರುಗಳಲ್ಲಿ ಎಂಜಿನ್ ಒಂದೇ ಆಗಿರುವುದರಿಂದ ನಿಮ್ಮ ಊರಿನಲ್ಲಿ ಯಾರ ಸರ್ವಿಸ್ ಚೆನ್ನಾಗಿದೆ ಮತ್ತು ವಾರಂಟಿಯ ಷರತ್ತುಗಳೇನು ಎಂಬುದನ್ನು ನೋಡಿ ಆರಿಸಿಕೊಳ್ಳಿ.

ಪ್ರಶ್ನೆ: ಕ್ವಾಲಿಸ್ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿದ್ದೇಕೆ? (ಹಾಸನದ ಓದುಗರು)

ಉತ್ತರ: 2000ದ ಜನವರಿಯಲ್ಲಿ ಬಂದ ಕ್ವಾಲಿಸ್, ಇಂಡೋನೇಷ್ಯಾದ ಕಿಜಾಂಗ್ ಎಂಬ ವಾಹನದ ಭಾರತೀಯ ರೂಪ. 2004ರಲ್ಲಿ ಟೊಯೊಟಾ ಒಂದೇ ಚಾಸಿಸ್‌ ಆಧಾರದ ಮೇಲೆ ಹೈಲಕ್ಸ್, ಫಾರ್ಚುನರ್, ಇನ್ನೋವಾಗಳನ್ನು ರೂಪಿಸಿ, ಥಾಯ್ಲೆಂಡ್, ಇಂಡೋನೇಷ್ಯಾ, ಅರ್ಜೆಂಟೀನಾ ಮತ್ತು ದಕ್ಷಿಣ ಆಫ್ರಿಕಾಗಳನ್ನು ಮುಖ್ಯ ತಯಾರಿಕಾ ನೆಲೆಗಳನ್ನಾಗಿ ಮಾಡಿಕೊಂಡು, ಬಿಡಿಭಾಗಗಳು ದೇಶದಿಂದ ದೇಶಕ್ಕೆ ಸಾಗುವ ಹೊಸ ವ್ಯವಸ್ಥೆಯನ್ನು ತಂದಿತು. ಆ ಸರಪಳಿಯಲ್ಲಿ ಭಾರತಕ್ಕೆ ಸಿಕ್ಕ ಪಾಲು ಗೇರ್‌ಬಾಕ್ಸ್: ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದಲೇ ಅದನ್ನು ತಯಾರಿಸಿ ಹೊರದೇಶಗಳಿಗೆ ಕಳುಹಿಸತೊಡಗಿತು. ಹಳೆಯ ಕ್ವಾಲಿಸ್‌ಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿರಲಿಲ್ಲ. 2005ರಲ್ಲಿ ಇನ್ನೋವಾ ಬಂದಾಗ ಕ್ವಾಲಿಸ್ ಪಕ್ಕದಲ್ಲೇ ಅಗ್ಗವಾಗಿ ಸಿಗುತ್ತಿದ್ದರೆ ಜನ ಅದನ್ನೇ ಕೊಳ್ಳುತ್ತಿದ್ದರು. ಬೇಡಿಕೆಯಿದ್ದ ಗಾಡಿಯನ್ನು ಕೈಬಿಡುವ ನಿರ್ಧಾರ ಆಗ ಅನೇಕರಿಗೆ ದುಡುಕು ಎನಿಸಿತ್ತು. ಇನ್ನೋವಾ ಇಂದಿಗೂ ಬೇಡಿಕೆ ಉಳಿಸಿಕೊಂಡಿರುವುದನ್ನು ನೋಡಿದರೆ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಟೊಯೊಟಾ ಮಹಾರಾಷ್ಟ್ರದಲ್ಲಿ ಹೊಸ ಕಾರ್ಖಾನೆ ಕಟ್ಟುವುದಾಗಿ ಹೇಳಿದೆ. ಬಿಡದಿಯ ಗತಿಯೇನು? ಎಲ್ಲರೂ ವಿದ್ಯುತ್ ಕಾರಿನ ಕಡೆ ಓಡುವಾಗ ಇವರು ಹೈಬ್ರಿಡ್‌ಗೆ ಅಂಟಿಕೊಂಡಿರುವುದು ಸರಿಯೇ? (ಮೈಸೂರಿನ ಓದುಗರು)

ಉತ್ತರ: 2024ರ ಜುಲೈನಲ್ಲಿ ಛತ್ರಪತಿ ಸಂಭಾಜಿನಗರಕ್ಕಾಗಿ ಸುಮಾರು 20,000 ಕೋಟಿ ರೂಪಾಯಿಯ ಒಡಂಬಡಿಕೆಗೆ ಸಹಿ ಬಿದ್ದದ್ದು ನಿಜ. ಅದಕ್ಕೂ ಮೊದಲು, 2023ರ ನವೆಂಬರ್‌ನಲ್ಲಿ, ಬಿಡದಿಯಲ್ಲೇ 3,300 ಕೋಟಿ ರೂಪಾಯಿ ವೆಚ್ಚದಲ್ಲಿ ವರ್ಷಕ್ಕೆ ಒಂದು ಲಕ್ಷ ವಾಹನ ತಯಾರಿಸುವ ಮೂರನೇ ಕಾರ್ಖಾನೆಯನ್ನು ಕಂಪನಿ ಘೋಷಿಸಿತ್ತು. ಹಾಗಾಗಿ ಮಹಾರಾಷ್ಟ್ರದ ಸುದ್ದಿಯಿಂದ ಗಾಬರಿಯಾಗಬೇಕಿಲ್ಲ.

ಹೈಬ್ರಿಡ್ ವಿಚಾರಕ್ಕೆ ಬಂದರೆ, 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದಲ್ಲಿ 2,000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆದಾಗ, ಡೀಸೆಲ್ಲನ್ನೇ ನಂಬಿದ್ದ ಇನ್ನೋವಾ ಮತ್ತು ಫಾರ್ಚುನರ್‌ಗೆ ಎಂಟು ತಿಂಗಳು ರಾಜಧಾನಿಯ ಬಾಗಿಲು ಮುಚ್ಚಿತ್ತು. ಒಂದೇ ಇಂಧನವನ್ನು ನೆಚ್ಚಿಕೊಂಡರೆ ಒಂದು ಆದೇಶಕ್ಕೆ ವ್ಯಾಪಾರವೇ ನಿಂತುಹೋಗಬಹುದು ಎಂಬುದು ಕಂಪನಿಗೆ ಆಗ ಮನವರಿಕೆಯಾಗಿರಬೇಕು. 2022ರ ಕೊನೆಯಲ್ಲಿ ಬಂದ ಹೈಕ್ರಾಸ್‌ನಲ್ಲಿ ಡೀಸೆಲ್ ಎಂಜಿನ್ನೇ ಇಲ್ಲ. ಅದರ ಜೊತೆಗೆ ಡೀಸೆಲ್ ಇನ್ನೋವಾ ಕ್ರಿಸ್ಟಾವನ್ನೂ ಮಾರುತ್ತಾ ಬಂದರು. ವಿದ್ಯುತ್ ಕಾರಿಗೆ ಶೇ. 5ರಷ್ಟೇ ಜಿಎಸ್‌ಟಿ ಇದ್ದಾಗ ದೊಡ್ಡ ಹೈಬ್ರಿಡ್ ಕಾರಿಗೆ ಸೆಸ್ ಸೇರಿ ಶೇ. 43 ತೆರಿಗೆ ಇತ್ತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ. 40ಕ್ಕೆ ಇಳಿಯಿತು. ಇಷ್ಟು ಅಂತರವಿದ್ದೂ ಜನ ತಿಂಗಳುಗಟ್ಟಲೆ ಕಾದು ಹೈಕ್ರಾಸ್ ಕೊಂಡರೆಂದರೆ, ಚಾರ್ಜಿಂಗ್ ಕೇಂದ್ರಗಳು ವಿರಳವಾಗಿರುವ ನಮ್ಮ ತಾಲ್ಲೂಕು ರಸ್ತೆಗಳಿಗೆ ಇಂದಿನ ಮಟ್ಟಿಗೆ ಆ ದಾರಿ ಸರಿಯೆಂದೇ ನಾನು ತಿಳಿಯುತ್ತೇನೆ.

ನನ್ನ ಆತಂಕ ಬೇರೆಯದು. ಟೊಯೊಟಾದ ಇಲ್ಲಿನ ಮೊದಲ ಪೂರ್ಣ ವಿದ್ಯುತ್ ಕಾರು ಸುಜುಕಿಯ ಇ-ವಿಟಾರಾದ ಜೋಡಿ, ಅದು ತಯಾರಾಗುವುದು ಗುಜರಾತಿನ ಹಂಸಲ್‌ಪುರದಲ್ಲಿ. ಹೈಬ್ರಿಡ್‌ಗೆ ಬೇಕಾದ ಇ-ಡ್ರೈವ್ (ವಿದ್ಯುತ್ ಮೋಟಾರಿನಿಂದ ಚಕ್ರ ತಿರುಗಿಸುವ ಭಾಗ) ಇಂದು ಬಿಡದಿಯಲ್ಲೇ ತಯಾರಾಗುತ್ತಿದೆ, ಅದು ನಮ್ಮ ಬಲ. ಮುಂದೆ ಬ್ಯಾಟರಿ ಕಾರುಗಳ ಕಾಲ ಬಂದಾಗ ಆ ಕೆಲಸವೂ ಇಲ್ಲಿಗೆ ಬರುವಂತೆ ರಾಜ್ಯ ಸರ್ಕಾರ ಈಗಲೇ ಕಂಪನಿಯೊಂದಿಗೆ ಮಾತುಕತೆ ನಡೆಸಬೇಕು.

ಪ್ರಶ್ನೆ: ಮೂರನೇ ಕಾರ್ಖಾನೆಯಿಂದ ಸ್ಥಳೀಯರಿಗೆ ಕೆಲಸ ಸಿಗುವುದೇ? (ಮಾಗಡಿಯ ಓದುಗರು)

ಉತ್ತರ: ಸುಮಾರು 2,000 ನೇರ ಉದ್ಯೋಗಗಳೆಂದು ಕಂಪನಿ ಹೇಳಿದೆ, ಬಿಡಿಭಾಗ ಪೂರೈಸುವ ಘಟಕಗಳ ಕೆಲಸ ಅದಕ್ಕೆ ಹೊರತು. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗಾಗಿ 2007ರಿಂದ ಬಿಡದಿಯಲ್ಲೇ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಮೂರು ವರ್ಷದ ವಸತಿ ಸಹಿತ ತರಬೇತಿ ಅದು. ಪ್ರವೇಶ ಪ್ರಕಟಣೆ ಹೊರಬಿದ್ದಾಗ ನಿಮ್ಮ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಗಮನಕ್ಕೆ ಅದನ್ನು ತನ್ನಿ.